ಪ್ರತಿಧ್ವನಿಯಂತ್ರವೂ ವಾದಕನ ಹಸ್ತವೂ

1960ರಲ್ಲಿ ಇಂಗ್ಲೆಂಡಿನ ‘ದಿ ಷ್ಯಾಡೋಸ್’ ಎಂಬ ವಾದ್ಯವೃಂದವು ಲಂಡನ್ನಿನ ಅಬಿ ರಸ್ತೆಯ ಮುದ್ರಣಶಾಲೆಯಲ್ಲಿ ನುಡಿಸಿದ ‘ಅಪಾಚಿ’ ಎಂಬ ಕೃತಿಯು ವಾದ್ಯಪ್ರಿಯರಿಗೆ ಸುಪರಿಚಿತವಾದುದು. ಅದರಲ್ಲಿ ಹ್ಯಾಂಕ್ ಮಾರ್ವಿನ್ನರ ವಿದ್ಯುತ್ ಗಿಟಾರಿನಿಂದ ಹೊರಟ ನಾದವು, ಅರುವತ್ತು ವರ್ಷಗಳಿಗೂ ಮಿಕ್ಕಿ ಕಾಲವು ಸಂದಿದ್ದರೂ, ಅನುಕರಣಶೀಲರ ನಿದ್ರೆಯನ್ನು ಕೆಡಿಸುತ್ತಲೇ ಇದೆ. ಅದನ್ನು ಮರಳಿ ಪಡೆಯುವ ಬಗೆ ಯಾವುದೆಂದು ಕೇಳಿದರೆ ಬಹುಮಂದಿಯ ಉತ್ತರವು ಅಂಗಡಿಯ ಪಟ್ಟಿಯಂತಿರುತ್ತದೆ: ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರು, ವಾಕ್ಸ್ ಧ್ವನಿವರ್ಧಕ, ಇಟಲಿಯ ಮೆಯಾತ್ಸಿ ಪ್ರತಿಧ್ವನಿಯಂತ್ರ. ಇವು ಮೂರೂ ಕೂಡಿದರೆ ಮಾರ್ವಿನ್ನರ ನಾದವು ತಾನಾಗಿ ಹೊರಡುವುದಂತೆ!

ಈ ಮತವು ಪರೀಕ್ಷೆಗೆ ನಿಲ್ಲದು. ಘಟಕ್ಕೆ ದಂಡಚಕ್ರಗಳು ಕಾರಣವೆಂಬುದನ್ನು ತರ್ಕವನ್ನೋದುವ ಬಾಲಕನೂ ಬಲ್ಲನು. ಆದರೆ ಚಕ್ರವನ್ನು ಕೊಂಡು ತಂದವರೆಲ್ಲ ಕುಂಬಾರರೆಂದು ಯಾವ ತಾರ್ಕಿಕನೂ ಹೇಳಿಲ್ಲ.

ಹಾಗೆಂದು, ಎಲ್ಲವೂ ಬೆರಳಿನಲ್ಲಿಯೇ ಇದೆ, ಯಂತ್ರವು ಬರಿಯ ಆಡಂಬರ ಎನ್ನುವವರ ಪಕ್ಷವೂ ಸಾಧುವಲ್ಲ. ಘಂಟೆಯನ್ನು ಹೊಡೆದ ಮೇಲೆ ಉಳಿಯುವ ಅನುರಣನವು ಬೇರೆ. ಬೆಟ್ಟವು ಮರಳಿ ಹೇಳುವ ಪ್ರತಿಧ್ವನಿಯು ಬೇರೆ. ಈ ಎರಡನೆಯದನ್ನು ಯಂತ್ರವೇ ಕೊಡಬೇಕು. ಟೇಪಿನ ಯಂತ್ರದಲ್ಲಿ ಒಂದು ಹೆಡ್ಡು ಸ್ವರವನ್ನು ಟೇಪಿನ ಮೇಲೆ ಬರೆಯುತ್ತದೆ. ಮುಂದಿರುವ ಹೆಡ್ಡು ಅದನ್ನು ಓದಿ ನುಡಿಯುತ್ತದೆ. ಟೇಪು ಸೆಕೆಂಡಿಗೆ 15 ಅಂಗುಲ ಓಡುತ್ತಿದ್ದು ಹೆಡ್ಡುಗಳ ನಡುವೆ 3 ಅಂಗುಲ ಅಂತರವಿದ್ದರೆ ಸೆಕೆಂಡಿನ ಐದನೆಯ ಒಂದು ಭಾಗ ಕಳೆದು ಮಾರುದನಿಯು ಕೇಳಿಸುವುದು. ಓದುವ ಹೆಡ್ಡುಗಳು ಹಲವಿದ್ದರೆ ಒಂದೇ ಸ್ವರಕ್ಕೆ ಬೇರೆ ಬೇರೆ ಕಾಲದಲ್ಲಿ ಹಲವು ಮಾರುದನಿಗಳು ಹುಟ್ಟಿ ತಮ್ಮದೇ ಒಂದು ಲಯವನ್ನು ಕಟ್ಟುತ್ತವೆ. ಮರಳಿದಷ್ಟೂ ಅವುಗಳ ತೀಕ್ಷ್ಣತೆಯು ಮಾಸುವುದು. ಟೇಪಿನ ಓಟದ ಅಲುಗಾಟದಿಂದ ಶ್ರುತಿಯು ಸ್ವಲ್ಪ ತೂಗಾಡುವುದು. ಒಂದೇ ಮಾರುದನಿಯನ್ನು ಅಚ್ಚಿನಲ್ಲಿ ಎರೆದಂತೆ ಮರಳಿಸುವ ಅಗ್ಗದ ಪೆಟ್ಟಿಗೆಯಿಂದ ಈ ಗುಣವು ಬಾರದೆಂಬುದನ್ನು ಒಪ್ಪಲೇಬೇಕು.

ಆದರೆ ಮರಳಿ ಹೇಳತಕ್ಕ ಯಂತ್ರವು ಕೊಟ್ಟದ್ದನ್ನಲ್ಲದೆ ಮತ್ತೇನನ್ನು ಹೇಳೀತು? ಮೀಟು ಒರಟಾಗಿದ್ದರೆ ಒರಟುತನವೇ ನಾಲ್ಕು ಬಾರಿ ಕೇಳಿಸುವುದು. ಮಾರ್ವಿನ್ನರು ಕುದುರೆಗೆ ಜೋಡಿಸಿದ ಲೋಹದ ಕಡ್ಡಿಯನ್ನು ಬಲಗೈಯಲ್ಲಿ ಹಿಡಿದೇ ಮೀಟುತ್ತಾರೆ. ಸ್ವರವು ಹುಟ್ಟಿದ ಮೇಲೆ ಅದನ್ನು ಮೆಲ್ಲನೆ ಅಲುಗಿಸಿ ಗಮಕದಂಥ ಕಂಪವನ್ನು ಕೊಡುತ್ತಾರೆ. ಕೆಲವೆಡೆ ಅಂಗೈಯ ಅಂಚನ್ನು ತಂತಿಗೆ ತಾಗಿಸಿ ನಾದವನ್ನು ಮೊಟಕುಮಾಡುತ್ತಾರೆ. ಎಲ್ಲಕ್ಕೂ ಮಿಗಿಲಾಗಿ, ಮಾರುದನಿಗೆ ಎಡೆಗೊಟ್ಟು ಸುಮ್ಮನಿರಬಲ್ಲರು. ಪಟ್ಟಿಗಳನ್ನು ಬರೆಯುವ ಮಹನೀಯರಿಗೆ ಈ ಸುಮ್ಮನಿರುವಿಕೆಯ ಬೆಲೆಯು ಯಾವ ಅಂಗಡಿಯಲ್ಲಿ ದೊರೆತೀತು?

1964ರಲ್ಲಿ ಮಾರ್ವಿನ್ನರು ಫೆಂಡರನ್ನು ಬಿಟ್ಟು ಬರ್ನ್ಸ್ ಗಿಟಾರನ್ನು ಹಿಡಿದರು. ಮುಂದೆ ಟೇಪಿಲ್ಲದ ಅಂಕೀಯ ಯಂತ್ರಗಳನ್ನೂ ಬಳಸಿದರು. ಕೇಳುವವರು ಆಗಲೂ ಅವರನ್ನು ಗುರುತಿಸಿದರು. ಸಾಮಗ್ರಿಯೇ ಸರ್ವಸ್ವವಾಗಿದ್ದರೆ ಇದು ಹೇಗೆ ಸಾಧ್ಯವಾಗುತ್ತಿತ್ತು? ಇಷ್ಟಿದ್ದರೂ, ಸ್ವರವೊಂದನ್ನು ಶುದ್ಧವಾಗಿ ನಿಲ್ಲಿಸಲರಿಯದ ಎಳೆಯನಿಗೆ ಹಳೆಯ ಯಂತ್ರವೊಂದನ್ನು ಸಾಲಮಾಡಿಯಾದರೂ ಕೊಳ್ಳೆಂದು ಬೋಧಿಸುವವರಿದ್ದಾರೆ. ಅವನು ಮೊದಲು ಯಂತ್ರವನ್ನು ಆರಿಸಿ, ಆ ಕೃತಿಯ ಆರಂಭದ ಕೆಲವೇ ಸ್ವರಗಳನ್ನು ಒಂದು ತಿಂಗಳು ಬರಿಯ ತಂತಿಯ ಮೇಲೆ ಸಾಧಿಸಲಿ. ಯಂತ್ರದ ಮಾತನ್ನು ಆಮೇಲೆ ಆಡಬಹುದು.