ಹಣೆಪಟ್ಟಿಯ ಹಿಂದೆ ಮರೆಯಾದ ನಿದ್ರೆ

ನಾಲ್ಕೈದು ವರ್ಷದ ಮಗು ಹಾಸಿಗೆಯಲ್ಲಿ ಉಚ್ಚೆ ಹೊಯ್ದರೆ ಮನೆಯ ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಅದೇ ಸಂಗತಿಯು ಹನ್ನೆರಡು ಹದಿಮೂರರ ವಯಸ್ಸಿನಲ್ಲಿಯೂ ನಿಲ್ಲದಿದ್ದರೆ, ಅದರಲ್ಲಿಯೂ ಆ ಹುಡುಗನು ಮೊದಲೇ ಕೂತಲ್ಲಿ ಕೂರದವನೆಂದೂ ಮಾತಿಗೆ ಮುನ್ನ ಕೈಯೆತ್ತುವವನೆಂದೂ ಹೆಸರಾಗಿದ್ದರೆ, ನಗುವಿದ್ದ ಜಾಗದಲ್ಲಿ ಜುಗುಪ್ಸೆಯೂ ಅನುಕಂಪವಿದ್ದ ಜಾಗದಲ್ಲಿ ದಂಡನೆಯೂ ಬಂದು ಕೂರುತ್ತವೆ. ಬೆಳಗಾಗುವ ಮುನ್ನವೇ ಎದ್ದು ಒದ್ದೆಯಾದ ಕೌದಿಯನ್ನು ಮಡಚಿ ಮಂಚದ ಕೆಳಕ್ಕೆ ತಳ್ಳುವ ಹುಡುಗ, ವಾಸನೆಯಿಂದ ಅದನ್ನು ಪತ್ತೆ ಹಚ್ಚುವ ತಾಯಿ, ‘ಇಷ್ಟು ದೊಡ್ಡವನಾಗಿ ನಾಚಿಕೆಯಾಗುವುದಿಲ್ಲವೇನೋ’ ಎಂದು ತಂಗಿಯ ಎದುರಿನಲ್ಲಿಯೇ ಗದರುವ ತಂದೆ, ಊಟದ ನಂತರದ ಪಿರಿಯಡ್ಡಿನಲ್ಲಿ ತೂಕಡಿಸಿದವನನ್ನು ಬೆಂಚಿನ ಮೇಲೆ ನಿಲ್ಲಿಸುವ ಮಾಸ್ತರರು, ಇವರೆಲ್ಲರೂ ಒಂದೇ ಸಂಕಟದ ಬೇರೆ ಬೇರೆ ಮುಖಗಳನ್ನು ನೋಡುತ್ತಿದ್ದಾರೆಂಬುದು ಅವರಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ನನ್ನ ಅಭಿಪ್ರಾಯವಿಷ್ಟು: ಇಂತಹ ಮಗುವಿನ ಒದ್ದೆ ಹಾಸಿಗೆ, ಹಗಲಿನ ತೂಕಡಿಕೆ ಮತ್ತು ಹಟ ಉಪದ್ರವಗಳನ್ನು ಮೂರು ಪ್ರತ್ಯೇಕ ತಪ್ಪುಗಳೆಂದು ಎಣಿಸಿ ಮೂವರು ಪ್ರತ್ಯೇಕವಾಗಿ ತಿದ್ದಹೊರಡುವುದರಿಂದಲೇ ಅವು ತಿದ್ದದೆ ಉಳಿಯುತ್ತವೆ. ಎಡಿಎಚ್‌ಡಿ (ಏಕಾಗ್ರತೆಯ ಕೊರತೆ, ಅತಿ ಚಟುವಟಿಕೆ) ಎಂದೋ ಆಟಿಸಂ ಎಂದೋ ಒಮ್ಮೆ ಹಣೆಪಟ್ಟಿ ಅಂಟಿತೆಂದರೆ, ಆಮೇಲೆ ಕಾಣಿಸಿಕೊಂಡ ಪ್ರತಿಯೊಂದು ತೊಂದರೆಯೂ ಅದರ ಖಾತೆಗೇ ಜಮೆಯಾಗಿ, ಗುಣವಾಗಬಲ್ಲ ಕಾರಣವೊಂದು ಆ ಮಗುವಿನ ಗಂಟಲಿನಲ್ಲೋ ಕರುಳಿನಲ್ಲೋ ಔಷಧದ ಚೀಟಿಯಲ್ಲೋ ಇದ್ದೀತೆಂಬ ಶೋಧವೇ ನಿಂತುಹೋಗುತ್ತದೆ.

ಐದನೆಯ ವಯಸ್ಸಿನಲ್ಲಿ ನೂರಕ್ಕೆ ಸುಮಾರು 15 ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ. ಆ ಬಳಿಕ ವರ್ಷ ವರ್ಷವೂ ಅವರಲ್ಲಿ ನೂರಕ್ಕೆ ಸುಮಾರು 15 ಮಂದಿ ಯಾವ ಮದ್ದೂ ಇಲ್ಲದೆ ತಾವಾಗಿಯೇ ಸರಿಹೋಗುತ್ತಾರೆ. ಹದಿಹರೆಯ ಕಳೆಯುವ ಹೊತ್ತಿಗೆ ನೂರಕ್ಕೆ ಒಬ್ಬರೋ ಇಬ್ಬರೋ ಉಳಿದುಕೊಂಡಿರುತ್ತಾರೆ. ತಾಯಿತಂದೆಯರಲ್ಲಿ ಒಬ್ಬರಿಗೆ ಬಾಲ್ಯದಲ್ಲಿ ಇದೇ ತೊಂದರೆಯಿದ್ದಿದ್ದರೆ ಮಗುವಿಗೆ ಬರುವ ಸಂಭವ ನೂರಕ್ಕೆ 44ರಷ್ಟು, ಇಬ್ಬರಿಗೂ ಇದ್ದಿದ್ದರೆ 77ರಷ್ಟು ಎಂದು ವೈದ್ಯಗ್ರಂಥಗಳು ಹೇಳುತ್ತವೆ. ಗದರುವ ತಂದೆಗೆ ತನ್ನ ಬಾಲ್ಯದ ಈ ಅಧ್ಯಾಯ ಬಹುಮಟ್ಟಿಗೆ ಮರೆತುಹೋಗಿರುತ್ತದೆ. ಅಜ್ಜಿಯನ್ನು ಕೇಳಿದರೆ ಅವಳಿಗೆ ಚೆನ್ನಾಗಿ ನೆನಪಿರುತ್ತದೆ. ಹೊಡೆತದಿಂದ ಇದು ನಿಲ್ಲುವುದಾಗಿದ್ದರೆ ಎಂದೋ ನಿಲ್ಲಬೇಕಾಗಿತ್ತು. ಇಂಗ್ಲೆಂಡಿನ ವಸತಿಶಾಲೆಯೊಂದಕ್ಕೆ ಎಂಟನೆಯ ವಯಸ್ಸಿನಲ್ಲಿ ಸೇರಿದ ಲೇಖಕ ಜಾರ್ಜ್ ಆರ್ವೆಲ್ಲರು ಇದೇ ಕಾರಣಕ್ಕಾಗಿ ತಿಂದ ಚಾಟಿಯೇಟುಗಳನ್ನು ಪ್ರಬಂಧವೊಂದರಲ್ಲಿ ಬರೆದಿಟ್ಟರು. ಅವರು ತೀರಿಕೊಂಡ ಮೇಲೆ, 1952ರಲ್ಲಿ, ಆ ಪ್ರಬಂಧ ಅಚ್ಚಾಯಿತು. ತನ್ನ ಅಧೀನದಲ್ಲಿಲ್ಲದ ಕೃತ್ಯಕ್ಕೂ ತಾನು ಪಾಪಿಯಾಗಬಹುದೆಂಬ ಭಾವನೆ ಅಲ್ಲಿಂದ ಅವರಲ್ಲಿ ಬೇರೂರಿತು. ನಿದ್ರೆಯಲ್ಲಿ ನಡೆಯುವುದು ಯಾರ ಇಚ್ಛೆಗೂ ಒಳಪಟ್ಟುದಲ್ಲವಾದುದರಿಂದ, ಶಿಕ್ಷೆಯು ಅಲ್ಲಿ ತಲಪುವ ವಿಳಾಸವೇ ಇಲ್ಲ.

ಹಾಗಾದರೆ ಮೊದಲು ವಿಚಾರಿಸಬೇಕಾದುದು ಯಾವುದು? ಗೊರಕೆ. ಬಾಯಿ ತೆರೆದು ಮಲಗುವ, ಕತ್ತನ್ನು ಹಿಂದಕ್ಕೆ ಬಾಗಿಸಿಕೊಳ್ಳುವ, ಗೊರಕೆಯ ನಡುವೆ ಕ್ಷಣಕಾಲ ಉಸಿರೇ ನಿಂತಂತಾಗಿ ಆಮೇಲೆ ಮೈಕೊಡಹಿ ಮತ್ತೆ ಉಸಿರೆಳೆಯುವ ಮಗುವನ್ನು ಕಂಡು ‘ಎಷ್ಟು ಗಾಢವಾಗಿ ನಿದ್ರಿಸುತ್ತಿದೆ’ ಎಂದು ಸಂತೋಷಪಡುವ ಮನೆಗಳು ಇಂದಿಗೂ ಅನೇಕವಿವೆ. ಅದು ನಿದ್ರೆಯಲ್ಲ, ರಾತ್ರಿಯಿಡೀ ನಡೆಯುವ ಹೆಣಗಾಟ. ಮೂಗಿನ ಹಿಂಭಾಗದ ಅಡೆನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್‌ಗಳು ಊದಿಕೊಂಡು ಶ್ವಾಸಮಾರ್ಗವನ್ನು ಇಕ್ಕಟ್ಟಾಗಿಸಿದಾಗ, ಮುಚ್ಚಿದ ದಾರಿಯಿಂದ ಗಾಳಿಯನ್ನೆಳೆಯುವ ಆ ಪ್ರಯತ್ನದಲ್ಲಿ ಎದೆಯೊಳಗಿನ ಒತ್ತಡ ಕುಸಿದು, ಹೃದಯವು ಹಿಗ್ಗಿ, ಮೂತ್ರವನ್ನು ಹೆಚ್ಚಿಸುವ ಹಾರ್ಮೋನೊಂದನ್ನು ಸ್ರವಿಸುತ್ತದೆ. ಅತ್ತ ಮತ್ತೆ ಮತ್ತೆ ಮುರಿದ ನಿದ್ರೆಯಿಂದ ಬಳಲಿದ ಮಿದುಳು, ತುಂಬಿದ ಮೂತ್ರಕೋಶದ ಕರೆಗೆ ಓಗೊಡಲಾರದಷ್ಟು ಜಡವಾಗಿರುತ್ತದೆ. ಬೆಳಗ್ಗೆ ಹಾಸಿಗೆ ಒದ್ದೆ, ಮಧ್ಯಾಹ್ನ ತೂಕಡಿಕೆ, ಸಂಜೆ ಸಿಡಿಮಿಡಿ, ಮೂರೂ ಅಲ್ಲಿಂದಲೇ. ಇದು ಹೊಸ ಶೋಧವೇನೂ ಅಲ್ಲ. ರಾತ್ರಿ ಸರಿಯಾಗಿ ಉಸಿರಾಡಲಾಗದ ಮಕ್ಕಳು ಶಾಲೆಯಲ್ಲಿ ದಡ್ಡರೆನಿಸಿಕೊಳ್ಳುವರೆಂದು ವಿಲಿಯಂ ಹಿಲ್ ಎಂಬ ವೈದ್ಯರು 1889ರಲ್ಲಿಯೇ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನಲ್ಲಿ ಬರೆದಿದ್ದರು. ಶಸ್ತ್ರಚಿಕಿತ್ಸೆಯು ಸರ್ವರೋಗಪರಿಹಾರವೆಂದು ಹೇಳುವುದು ಮಾತ್ರ ಅತ್ಯುಕ್ತಿಯಾದೀತು: ಅಮೆರಿಕದಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಇಂತಹ ಮಕ್ಕಳ ಅಡೆನಾಯ್ಡ್, ಟಾನ್ಸಿಲ್‌ಗಳನ್ನು ತೆಗೆದ ಮೇಲೆ ನಿದ್ರೆಯೂ ವರ್ತನೆಯೂ ಸುಧಾರಿಸಿದುವಾದರೂ, ಏಕಾಗ್ರತೆಯ ಪರೀಕ್ಷೆಗಳಲ್ಲಿ ಅವರು ಶಸ್ತ್ರಚಿಕಿತ್ಸೆಯಾಗದ ಮಕ್ಕಳನ್ನು ಮೀರಿಸಲಿಲ್ಲ. ಆದರೆ ಮೊಬೈಲಿನಲ್ಲಿ ಎರಡು ನಿಮಿಷ ಗೊರಕೆಯನ್ನು ಚಿತ್ರಿಸಿಕೊಂಡು ಇಎನ್‌ಟಿ ವೈದ್ಯರಿಗೆ ತೋರಿಸುವುದಕ್ಕೆ ಖರ್ಚೇನಿದೆ?

ಇನ್ನು ಕರುಳಿನ ಮಾತು. ಸಭ್ಯರು ಆಡಲು ಹಿಂಜರಿಯುವ ಈ ವಿಷಯದಲ್ಲಿ ಮಕ್ಕಳ ವೈದ್ಯರಿಗೆ ಹಿಂಜರಿಕೆಯಿಲ್ಲ. ಮಲಬದ್ಧತೆಯಿಂದ ತುಂಬಿಕೊಂಡ ಕರುಳು ಮೂತ್ರಕೋಶವನ್ನು ಒತ್ತಿ ಅದರ ಅವಕಾಶವನ್ನು ಕುಗ್ಗಿಸುತ್ತದೆ. ಎಷ್ಟೋ ಮಕ್ಕಳಲ್ಲಿ ಮಲಬದ್ಧತೆಯನ್ನು ಸರಿಪಡಿಸಿದ ಮಾತ್ರಕ್ಕೇ ರಾತ್ರಿಯ ತೊಂದರೆ ಇಳಿಮುಖವಾಗುವುದುಂಟು. ಚಂಚಲ ಸ್ವಭಾವದ ಮಗು ಶೌಚಕ್ಕೆ ಕೂತರೂ ಅರ್ಧಕ್ಕೇ ಎದ್ದು ಬರುತ್ತದೆ, ಆಟದ ಮಧ್ಯೆ ಮೂತ್ರವನ್ನು ಕೊನೆಯ ಕ್ಷಣದವರೆಗೂ ತಡೆದಿಡುತ್ತದೆ. ಇದಕ್ಕೆ ನಮ್ಮ ಶಾಲೆಗಳ ಶೌಚಾಲಯಗಳು ತಮ್ಮ ಪಾಲಿನ ಕಾಣಿಕೆಯನ್ನು ಸಲ್ಲಿಸುತ್ತವೆ: ಅಲ್ಲಿಗೆ ಹೋಗಬೇಕಾದೀತೆಂಬ ಹೇಸಿಗೆಯಿಂದ ಹಗಲೆಲ್ಲ ಬಾಟಲಿಯ ನೀರನ್ನು ಮುಟ್ಟದ ಮಗು, ಸಂಜೆ ಮನೆಗೆ ಬಂದು ಗಟಗಟನೆ ಕುಡಿದು, ರಾತ್ರಿ ಅದರ ಫಲವನ್ನುಣ್ಣುತ್ತದೆ. ಕೇರಳದ ಮಾದರಿಯಲ್ಲಿ 2019ರಲ್ಲಿ ಕರ್ನಾಟಕವೂ ಶಾಲೆಗಳಲ್ಲಿ ಮಕ್ಕಳಿಗೆ ನೀರು ಕುಡಿಯಲು ನೆನಪಿಸುವ ‘ನೀರಿನ ಗಂಟೆ’ ಬಾರಿಸಲು ಹೊರಟದ್ದು ಮೆಚ್ಚತಕ್ಕ ಕೆಲಸ. ಗಂಟೆಯ ಜೊತೆಗೆ ಶೌಚಾಲಯಕ್ಕೊಂದು ಚಿಲಕ, ನಲ್ಲಿಗೊಂದಿಷ್ಟು ನೀರು ಇದ್ದಿದ್ದರೆ ಇನ್ನೂ ಮೆಚ್ಚಬಹುದಾಗಿತ್ತು.

ಬಹುಮಂದಿ ಪಾಲಕರು ಊಹಿಸಲಾರದ ಕಾರಣವೆಂದರೆ ಚಿಕಿತ್ಸೆಯೇ. ಉಗ್ರ ಕೋಪವನ್ನು ತಗ್ಗಿಸಲು ಕೊಡುವ ರಿಸ್ಪೆರಿಡೋನ್ ಮಂಪರನ್ನು ತರಬಲ್ಲದು, ಹಸಿವನ್ನು ಕೆರಳಿಸಿ ತೂಕವನ್ನು ಏರಿಸಬಲ್ಲದು, ಹಾಸಿಗೆಯನ್ನು ಒದ್ದೆ ಮಾಡಿಸಲೂಬಲ್ಲದು. ಏರಿದ ತೂಕವು ಗೊರಕೆಯನ್ನೂ ಉಸಿರುಗಟ್ಟುವಿಕೆಯನ್ನೂ ಹೆಚ್ಚಿಸಿ ಮತ್ತೆ ಅದೇ ವೃತ್ತಕ್ಕೆ ತಂದು ನಿಲ್ಲಿಸುತ್ತದೆ. ಮೂರ್ಛೆರೋಗಕ್ಕೆ ಕೊಡುವ ವಾಲ್ಪ್ರೊಯೇಟಿಗೂ ಇದೇ ಅಪವಾದವುಂಟು. ಎಡಿಎಚ್‌ಡಿಗೆ ಕೊಡುವ ಕ್ಲೋನಿಡಿನ್ ಹಗಲಿನಲ್ಲಿ ತೂಕಡಿಸುವಂತೆ ಮಾಡುತ್ತದೆ. ಅದಕ್ಕೇ ಕೊಡುವ ಮೀಥೈಲ್‌ಫೆನಿಡೇಟನ್ನು ಹೊತ್ತಾಗಿ ನುಂಗಿದರೆ ರಾತ್ರಿಯ ನಿದ್ರೆ ಹಾರಿಹೋಗುತ್ತದೆ. ಇದನ್ನೋದಿ ಯಾರೂ ನಾಳೆಯೇ ಮಾತ್ರೆಯನ್ನು ನಿಲ್ಲಿಸಬಾರದು; ಹಠಾತ್ತಾಗಿ ನಿಲ್ಲಿಸುವುದರಿಂದ ಮೂರ್ಛೆಯೇ ಮರುಕಳಿಸಬಹುದು. ಪಾಲಕರು ಮಾಡತಕ್ಕದ್ದು ಇಷ್ಟೇ: ಯಾವ ಮಾತ್ರೆ ಯಾವ ತಿಂಗಳು ಆರಂಭವಾಯಿತು, ಒದ್ದೆ ರಾತ್ರಿಗಳು ಯಾವಾಗ ಹೆಚ್ಚಿದುವು ಎಂಬೆರಡನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಅಕ್ಕಪಕ್ಕ ಬರೆದು ವೈದ್ಯರ ಮುಂದಿಡುವುದು. ಮನೋವೈದ್ಯರಿಗೆ ಹಾಸಿಗೆಯ ಸುದ್ದಿಯನ್ನು ಹೇಳದ, ಮಕ್ಕಳ ವೈದ್ಯರಿಗೆ ಮಾನಸಿಕ ಔಷಧದ ಸುದ್ದಿಯನ್ನು ಮುಚ್ಚಿಡುವ ನಮ್ಮ ಲಜ್ಜೆಯಿಂದ ಈ ಎರಡು ದಿನಾಂಕಗಳು ಪರಸ್ಪರ ಭೇಟಿಯಾಗುವುದೇ ಇಲ್ಲ.

ಆರು ತಿಂಗಳಿಗೂ ಮಿಕ್ಕಿ ಒಣಗಿದ್ದ ಹಾಸಿಗೆ ಏಕಾಏಕಿ ಮತ್ತೆ ಒದ್ದೆಯಾಗತೊಡಗಿದರೆ ಮಾತ್ರ ಕ್ಯಾಲೆಂಡರು ತುಂಬುವವರೆಗೆ ಕಾಯಲಾಗದು. ಜೊತೆಗೆ ಬಾಯಾರಿಕೆ, ಸೊರಗುವಿಕೆ, ಮಂಪರು, ಒದ್ದೆಯಾದ ಜಾಗಕ್ಕೆ ಇರುವೆ ಮುತ್ತುವುದು ಇವುಗಳಿದ್ದರೆ ಅದೇ ದಿನ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಮಧುಮೇಹವು ಮಕ್ಕಳಲ್ಲಿ ಹೀಗೆಯೇ ತಲೆಹಾಕುವುದು. ಮೂತ್ರದ ಸೋಂಕು, ರಾತ್ರಿಯ ಮೂರ್ಛೆ, ಯಾರಿಗೂ ಹೇಳಲಾಗದ ಭಯ ಅಥವಾ ದೌರ್ಜನ್ಯ, ಇವೂ ಹೀಗೆಯೇ ಕಾಣಿಸಿಕೊಂಡಾವು.

ಇಂತಹ ಕಾರಣಗಳನ್ನೆಲ್ಲ ಶೋಧಿಸಿದ ಮೇಲೆಯೂ ಉಳಿಯುವ ತೊಂದರೆಗೆ ಉಪಾಯಗಳಿಲ್ಲದಿಲ್ಲ. ನಡುರಾತ್ರಿ ಮಗುವನ್ನೆಬ್ಬಿಸಿ, ಕಣ್ಣು ಮುಚ್ಚಿಯೇ ಇರುವ ಅವನ ತೋಳು ಹಿಡಿದು ಬಚ್ಚಲಿಗೆ ನಡೆಸಿಕೊಂಡು ಹೋಗುವ ತಾಯಂದಿರ ಪದ್ಧತಿಯು ಆ ರಾತ್ರಿಯ ಕೌದಿಯನ್ನು ಉಳಿಸೀತೇ ಹೊರತು ಮಗುವಿಗೆ ಎಚ್ಚರವನ್ನು ಕಲಿಸದು. ಅದನ್ನು ಕಲಿಸುವುದು 1938ರಲ್ಲಿ ಮೌರರ್ ದಂಪತಿಗಳು ಅಮೆರಿಕದಲ್ಲಿ ಬಳಕೆಗೆ ತಂದ ಗಂಟೆ: ಮೊದಲ ಹನಿ ತಗುಲಿದೊಡನೆ ಸದ್ದು ಮಾಡುವ ಸಾಧನ. ಎರಡು ಮೂರು ತಿಂಗಳು ಬಿಡದೆ ಬಳಸಿದವರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಕ್ಕಳು ಗೆಲ್ಲುತ್ತಾರೆ. ಮೊದಲ ವಾರಗಳಲ್ಲಿ ಗಂಟೆಗೆ ಮನೆಮಂದಿಯೆಲ್ಲ ಎದ್ದು ಕೂತು ಹುಡುಗನೊಬ್ಬ ಮಾತ್ರ ಮಲಗಿಯೇ ಇರುವುದು ಸರ್ವೇಸಾಮಾನ್ಯವಾದುದರಿಂದ, ಹಿರಿಯರೊಬ್ಬರು ಪ್ರತಿಸಲವೂ ಅವನನ್ನು ಪೂರ್ತಿ ಎಚ್ಚರಗೊಳಿಸಬೇಕು. ಎಡಿಎಚ್‌ಡಿ ಇರುವ ಮಕ್ಕಳಲ್ಲಿ ಈ ಚಿಕಿತ್ಸೆ ಸೋಲುವುದು ಹೆಚ್ಚಾಗಿ ಈ ಪಟ್ಟು ಸಡಿಲವಾಗುವುದರಿಂದಲೇ. ಒಂದೇ ಕೋಣೆಯ ಮನೆಯಲ್ಲಿ, ಮುಂಜಾನೆ ಕೆಲಸಕ್ಕೆ ಓಡಬೇಕಾದ ತಾಯಿಗೆ ಇದನ್ನು ಉಪದೇಶಿಸುವುದು ಸುಲಭ, ನಡೆಸುವುದು ಕಷ್ಟ. ಡೆಸ್ಮೊಪ್ರೆಸಿನ್ ಮಾತ್ರೆ ರಾತ್ರಿಯ ಮೂತ್ರವನ್ನು ಕಡಿಮೆ ಮಾಡುತ್ತದೆ. ಆದರೆ ಅದನ್ನು ನುಂಗುವ ಒಂದು ಗಂಟೆ ಮುಂಚಿನಿಂದ ಎಂಟು ಗಂಟೆ ನಂತರದವರೆಗೆ ನೀರನ್ನು ಮಿತಗೊಳಿಸದಿದ್ದರೆ ರಕ್ತದ ಸೋಡಿಯಂ ಕುಸಿದು ಸೆಳವು ಬರಬಹುದು. ನಡುರಾತ್ರಿ ಎದ್ದು ಫ್ರಿಜ್ಜಿನ ಬಾಟಲಿಯನ್ನು ಬರಿದು ಮಾಡುವ ಸ್ವಭಾವದ ಹುಡುಗನ ವಿಷಯದಲ್ಲಿ ಈ ಎಚ್ಚರಿಕೆಯನ್ನು ವೈದ್ಯರು ಬರೆದುಕೊಟ್ಟರೆ ಸಾಲದು, ಬಾಯಿಬಿಟ್ಟು ಹೇಳಬೇಕು. ಬಹುಮಾನ ಕೊಡುವುದಿದ್ದರೆ ಒಣ ಹಾಸಿಗೆಗೆ ಕೊಡಬಾರದು. ಮಲಗುವ ಮುನ್ನ ಬಚ್ಚಲಿಗೆ ಹೋಗಿಬಂದುದಕ್ಕೆ, ಸಂಜೆಯ ಚಹಾ ಬಿಟ್ಟುದಕ್ಕೆ, ಹೇಳಿದ ಹೊತ್ತಿಗೆ ಮೊಬೈಲು ಕೆಳಗಿಟ್ಟುದಕ್ಕೆ, ಎಂದರೆ ಅವನ ಕೈಯಲ್ಲಿರುವುದಕ್ಕೆ ಮಾತ್ರ ಕೊಡಬೇಕು. ಹದಿಮೂರು ದಾಟಿದವನಿಗೂ ಎಂಟರಿಂದ ಹತ್ತು ಗಂಟೆಗಳ ನಿದ್ರೆ ಅವಶ್ಯಕ. ಹನ್ನೊಂದಕ್ಕೆ ಮಲಗಿಸಿ ಟ್ಯೂಷನ್ನಿಗೆಂದು ಐದಕ್ಕೆ ಎಬ್ಬಿಸಿದ ಮೇಲೆ ತೂಕಡಿಕೆಗೆ ಬೇರೆ ರೋಗನಿದಾನವನ್ನು ಹುಡುಕಬೇಕಾಗಿಲ್ಲ.

ಮನೆಯ ಈ ಸಂಗತಿ ಸರಕಾರದ ಸಂಗತಿಯಾಗುವುದು ವಸತಿಶಾಲೆಗಳ ಬಾಗಿಲಿನಲ್ಲಿ. ಮೊರಾರ್ಜಿ ದೇಸಾಯಿ ವಸತಿಶಾಲೆಗಳು ಆರನೆಯ ತರಗತಿಯಿಂದ ಆರಂಭವಾಗುತ್ತವೆ. ಅಂದರೆ ಹನ್ನೊಂದರ ಆಸುಪಾಸಿನ ಮಕ್ಕಳು ಒಂದೇ ಹಾಲ್‌ನಲ್ಲಿ ಸಾಲಾಗಿ ಮಲಗುತ್ತಾರೆ. ನೂರು ಮಕ್ಕಳಿರುವಲ್ಲಿ ಮೂರು ನಾಲ್ಕು ಮಂದಿಗಾದರೂ ಈ ತೊಂದರೆ ಇದ್ದೇ ಇರುತ್ತದೆಂಬುದನ್ನು ಊಹಿಸಲು ಆಯೋಗವೇನೂ ಬೇಕಾಗಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 21 ವಿಧಗಳಲ್ಲಿ ಆಟಿಸಂ ಉಂಟು, ಎಡಿಎಚ್‌ಡಿ ಎಂಬ ಹೆಸರು ಇಲ್ಲ. ಆದುದರಿಂದ ಅಂತಹ ಹುಡುಗನು ಕಾಗದದ ಬಲವಿಲ್ಲದೆ ವಾರ್ಡನ್ನರ ದಯೆಯನ್ನೇ ನೆಚ್ಚಿಕೊಳ್ಳಬೇಕಾಗುತ್ತದೆ. ಅಲ್ಲಿ ಬೇಕಾದುದು ದೊಡ್ಡ ಯೋಜನೆಯಲ್ಲ: ಯಾರದೆಂದು ಗುರುತಾಗದಂತೆ ಎಲ್ಲ ಹಾಸಿಗೆಗಳಿಗೂ ನೀರಿಳಿಯದ ಹೊದಿಕೆ, ರಾತ್ರಿಯಿಡೀ ಉರಿಯುವ ದೀಪವುಳ್ಳ ಸಮೀಪದ ಶೌಚಾಲಯ, ಬೆಳಗ್ಗೆ ಬೇಗ ಸ್ನಾನಕ್ಕೆ ಹೋಗಲು ಕಾರಣ ಕೇಳದ ಅನುಮತಿ, ಮತ್ತು ತೂಕಡಿಸಿದ ಹುಡುಗನ ಹೆಸರನ್ನು ಶಿಸ್ತಿನ ಪುಸ್ತಕಕ್ಕೆ ಬರೆಯುವ ಮುನ್ನ, ರಾತ್ರಿ ಅವನ ಪಕ್ಕದಲ್ಲಿ ಮಲಗುವವನನ್ನು ಕರೆದು ‘ಇವನು ಗೊರಕೆ ಹೊಡೆಯುತ್ತಾನೇನಪ್ಪ’ ಎಂದು ಕೇಳುವಷ್ಟು ವ್ಯವಧಾನ.