ಎಮ್ಮೆ ಹೊಟ್ಟೆ ಕಸದ ತೊಟ್ಟಿ ಅಲ್ಲ ಕಣ್ರಪ್ಪಾ

ಗಿರಿನಗರ, ಹೊಸಕೆರೆಹಳ್ಳಿ, ಕತ್ರಿಗುಪ್ಪೆ, ಇಟ್ಟಮಡು ಕಡೆ ಇನ್ನೂ ಎಮ್ಮೆ ಕಟ್ಟಿಕೊಂಡಿರೋ ನಾಲ್ಕು ಜನಕ್ಕೆ ಈ ಮಾತು. "ಎಮ್ಮೆಗೇನಣ್ಣ, ಏನು ಹಾಕಿದ್ರೂ ಅರಗಿಸಿಕೊಳ್ಳುತ್ತೆ" ಅಂತಾರೆ. ನಾನೂ ಅಂತಿದ್ದೆ. ಆ ಮಾತು ನಂಬಿ ಹೋದ ವರ್ಷ ಒಂದು ಎಮ್ಮೆ ಕಳಕೊಂಡೆ.

ಮದುವೆ ಸೀಸನ್ನು. ಒಂದು ಛತ್ರದಲ್ಲಿ ಮಿಕ್ಕಿದ ಅನ್ನ ಎರಡು ಡ್ರಮ್ಮು ಬಿಟ್ಟಿ ಸಿಕ್ತು. ರಾಗಿ ಹುಲ್ಲಿನ ರೇಟು ನೆನೆಸಿಕೊಂಡು ಆಸೆ ಬಿತ್ತು. ಸಾಯಂಕಾಲ ಬಾನಿ ತುಂಬ ಸುರಿದೆ, ಹುಲ್ಲು ಹಾಕಲಿಲ್ಲ. ಬೆಳಗ್ಗೆ ನೋಡಿದರೆ ಮೆಲುಕು ನಿಂತಿದೆ. ಸಗಣಿ ನೀರು ನೀರು, ಹುಳಿ ವಾಸನೆ. ಹಲ್ಲು ಕಡೀತಾ ಮಲಗಿಬಿಡ್ತು. ಡಾಕ್ಟರು ಬಂದು ಸೋಡಾ ಕುಡಿಸಿ, ಡ್ರಿಪ್ ಹಾಕಿದರು. ಮಾರನೇ ದಿನ ಹೋಯ್ತು. ಏಳು ತಿಂಗಳ ಗಬ್ಬ. ತಪ್ಪು ಛತ್ರದವರದಲ್ಲ, ನನ್ನದು.

ಡಾಕ್ಟರು ಬಿಡಿಸಿ ಹೇಳಿದರು. ಮೇವು ಅರಗಿಸೋದು ದೊಡ್ಡ ಹೊಟ್ಟೆಯಲ್ಲಿರೋ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹುಲ್ಲು ನಿಧಾನಕ್ಕೆ ಹುದುಗುತ್ತೆ, ಮೆಲುಕು ಹಾಕುವಾಗ ಇಳಿಯೋ ಜೊಲ್ಲು ಆ ಹುಳಿ ಮುರಿಯುತ್ತೆ. ಬೆಂದ ಅನ್ನ ಕೆಲವೇ ಗಂಟೆಯಲ್ಲಿ ಹುದುಗಿ ಹೊಟ್ಟೆ ತುಂಬ ಹುಳಿ ಮಾಡುತ್ತೆ. ಪಿಎಚ್ 6ರಿಂದ 7 ಇರಬೇಕಾದ್ದು 5ರ ಹತ್ತಿರಕ್ಕೆ ಇಳಿದರೆ ನಾರು ಅರಗಿಸೋ ಜೀವಿಗಳು ಸಾಯ್ತವೆ, ಹುಳಿ ರಕ್ತಕ್ಕೂ ಸೇರುತ್ತೆ.

ಒರಟು ಹುಲ್ಲನ್ನ ಎಮ್ಮೆ ಹಸುಗಿಂತ ಚೆನ್ನಾಗಿ ಅರಗಿಸುತ್ತೆ, ನಿಜ. ಆದರೆ ಅದು ಹುಲ್ಲಿನ ಮಾತು. ನಾವು ಅದನ್ನ ಅನ್ನಕ್ಕೂ, ಹಳೇ ಬ್ರೆಡ್ಡಿಗೂ, ಮಾರ್ಕೆಟ್ ಕಸಕ್ಕೂ ಎಳೆದಿದ್ದೀವಿ.

ಬೇರೆ ಮೇವು ಬೇಡವೇ ಬೇಡ ಅಂತಲ್ಲ. ಬಿಯರ್ ಫ್ಯಾಕ್ಟರಿ ಹೊಟ್ಟು ನಾನೂ ಹಾಕ್ತೀನಿ, ಪ್ರೋಟೀನ್ ಚೆನ್ನಾಗಿದೆ. ಆದರೆ ಅದರಲ್ಲಿ ಮುಕ್ಕಾಲು ಪಾಲು ನೀರು. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೇ ಬೂಷ್ಟು ಹಿಡಿಯುತ್ತೆ. ಬೂಷ್ಟು ಕಂಡರೆ ತಿಪ್ಪೆಗೆ ಹಾಕಿ. ಕೋಸು, ಹೂಕೋಸಿನ ಎಲೆ ಒಂದೇ ಸಲ ರಾಶಿ ಹಾಕಿದರೆ ಹೊಟ್ಟೆ ಉಬ್ಬರ. ಹೋಟೆಲ್ ಕಸದ ಜೊತೆ ಬರೋ ಪ್ಲಾಸ್ಟಿಕ್ ಕವರು ಅರಗೋದೂ ಇಲ್ಲ, ಆಚೆ ಬರೋದೂ ಕಷ್ಟ. ಯಾವುದೇ ಹೊಸ ಮೇವಾದರೂ ಒಂದು ಹಿಡಿಯಿಂದ ಶುರು ಮಾಡಿ ಎರಡು ಮೂರು ವಾರದಲ್ಲಿ ರೂಢಿ ಮಾಡಿಸಬೇಕು. ಮಾರೋರು ಪ್ರೋಟೀನ್ ಎಷ್ಟು ಅಂತ ಹೇಳ್ತಾರೆ, ಇದನ್ನ ಹೇಳಲ್ಲ.

"ಹುಲ್ಲಿಗೆ ದುಡ್ಡು ಎಲ್ಲಿಂದ ತರೋದು?" ಅಂತೀರಿ. ಸತ್ತ ಎಮ್ಮೆ ದುಡ್ಡಲ್ಲಿ ಎಷ್ಟು ಹೊರೆ ಹುಲ್ಲು ಬರ್ತಿತ್ತು ಅಂತ ನಾನು ಲೆಕ್ಕ ಹಾಕಿದ್ದೀನಿ, ನೀವು ಹಾಕೋ ಹಾಗೆ ಆಗೋದು ಬೇಡ. ಅನುಮಾನ ಇದ್ದರೆ ಆಡುಗೋಡಿಯಲ್ಲಿ ಕೇಂದ್ರ ಸರ್ಕಾರದ ಪಶು ಪೋಷಣೆ ಸಂಸ್ಥೆ ಇದೆ, ಹೆಬ್ಬಾಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಹೋಗಿ ಕೇಳಿ. ಊರಿನಲ್ಲೇ ಇದ್ದುಕೊಂಡು ನಾವೇ ಕೇಳದಿದ್ದರೆ ಇನ್ಯಾರು ಕೇಳಬೇಕು?

ಬಾನಿಗೆ ಏನೇ ಸುರಿಯೋದಿದ್ದರೂ ಮೊದಲು ಹುಲ್ಲು ಹಾಕಿ. ದಿನಾ ಮೆಲುಕು ನೋಡಿ, ಸಗಣಿ ನೋಡಿ. ಮೆಲುಕು ನಿಂತರೆ ಆಗಲೇ ಡಾಕ್ಟರಿಗೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ.