ಸೌತೆಕಾಯಿಗೆ ಉಡುಪೇಕೆ?

ಕಳೆದ ಬೇಸಗೆಯ ರಜೆಯಲ್ಲಿ ಚನ್ನಗಿರಿ ತಾಲ್ಲೂಕಿನ ಉಬ್ರಾಣಿಗೆ, ಅಣ್ಣನ ಮನೆಗೆ ಹೋಗಿದ್ದೆ. ಪೇಟೆಯಿಂದ ಬರುವವನು ಬರಿಗೈಯಲ್ಲಿ ಬರಬಾರದೆಂದು ಒಂದು ಸೀಸೆ ಒಯ್ದಿದ್ದೆ. 'ಸಿಹಿ ಖಾರದ ಸಲಾಡ್ ಡ್ರೆಸ್ಸಿಂಗ್' ಎಂದು ಅದರ ಹೆಸರು. ಊಟದ ಹೊತ್ತಿಗೆ ಅದು ಎಲೆಗಳ ನಡುವೆ ಬಂದು ಕುಳಿತಿತು. ಅತ್ತಿಗೆ, ಸೌತೆಕಾಯಿಗೆಂದು ತಾವು ಕಲಸಿಟ್ಟಿದ್ದ ಬಟ್ಟಲನ್ನು ಮೆಲ್ಲನೆ ಹಿಂದಕ್ಕೆ ಸರಿಸಿ, "ಇದು ಬರೇ ಗೊಜ್ಜು ಕಣಪ್ಪ, ಮಕ್ಕಳಿಗೆ ನೀನು ತಂದಿದ್ದೇ ಇರ್ಲಿ" ಎಂದರು.

ಆ 'ಬರೇ' ಎಂಬ ಮಾತು ಇನ್ನೂ ನನ್ನನ್ನು ಚುಚ್ಚುತ್ತಿದೆ. ಅದನ್ನು ಅವರ ಬಾಯಲ್ಲಿ ಇಟ್ಟವನು ಕನ್ನಡದ ಮೇಷ್ಟರಾದ ನಾನೇ.

ಸೀಸೆಯ ಚೀಟಿ ಓದಿದೆ. ಹೆಚ್ಚು ತೂಕದ ವಸ್ತುವಿನ ಹೆಸರು ಮೊದಲು ಬರಬೇಕೆಂಬುದು ನಮ್ಮ ದೇಶದ ಕಾನೂನು. ಮೊದಲನೆಯದು ನೀರು, ಎರಡನೆಯದು ಸಕ್ಕರೆ. ಮೆಣಸಿನಕಾಯಿ ಎಲ್ಲೋ ಕೊನೆಯಲ್ಲಿ!

'ಮನೆಯಲ್ಲಿ ಮಾಡಲು ಪುರುಸೊತ್ತೆಲ್ಲಿ?' ಎನ್ನುವ ಮಹನೀಯರಿದ್ದಾರೆ. ಅವರು ಅತ್ತಿಗೆಯ ಕೆಲಸ ನೋಡಬೇಕು. ಸ್ವಲ್ಪ ಹುಣಸೆಯನ್ನು ನೆನೆಸಿ ಕಿವುಚಿ, ಆ ರಸದಲ್ಲಿ 2 ಚಮಚ ಬೆಲ್ಲ ಕರಗಿಸುವುದು. ಹುರಿದ ಶೇಂಗಾ 2 ಚಮಚ ನುಣ್ಣಗೆ ಅರೆದು ಬೆರೆಸುವುದು. ಎಣ್ಣೆಯೂ ಹುಳಿನೀರೂ ಬೇರೆಬೇರೆಯಾಗದಂತೆ ಹಿಡಿದಿಡುವುದು ಅದೇ. ಒಂದು ಚಮಚ ಎಣ್ಣೆಯಲ್ಲಿ ಸಾಸಿವೆ ಸಿಡಿಸಿ, 2 ಒಣಮೆಣಸಿನಕಾಯಿ ಮುರಿದು ಹಾಕುವುದು. ಖಾರದ ಸತ್ವ ನೀರಿಗಿಂತ ಎಣ್ಣೆಯಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಒಗ್ಗರಣೆ ಬರಿಯ ಶೋಕಿಯಲ್ಲ. ಉಪ್ಪು ಮಾತ್ರ ಬಡಿಸುವಾಗಲೇ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಗೊಜ್ಜು ಸಪ್ಪೆಯಾಗುತ್ತದೆ. ಹುಣಸೆ ನೆನೆಯುವ ಹೊತ್ತು ಬಿಟ್ಟರೆ ಐದು ನಿಮಿಷದ ಕೆಲಸ. ಹುಳಿ ಹೆಚ್ಚಾದರೆ ಬೆಲ್ಲ, ಸಿಹಿ ಹೆಚ್ಚಾದರೆ ಖಾರ ಎಂದು ತೀರ್ಪು ಕೊಡುವುದು ನಾಲಿಗೆ. ಸೀಸೆಯಲ್ಲಿ ಆ ತೀರ್ಪನ್ನು ಬೇರೆ ಯಾರೋ ಕೊಟ್ಟು ಮುಚ್ಚಳ ಹಾಕಿರುತ್ತಾರೆ.

ಹಾಗೆಂದು, ಎಲ್ಲವೂ ನಮ್ಮದೇ ಎಂದು ಎದೆ ತಟ್ಟಿಕೊಳ್ಳುವವರ ಗುಂಪಿಗೆ ನಾನು ಸೇರಿದವನಲ್ಲ. ಮೆಣಸಿನಕಾಯಿಯೂ ಶೇಂಗಾವೂ ಅಮೆರಿಕ ಖಂಡದ ಬೆಳೆಗಳು. ಮೆಣಸಿನಕಾಯಿಯನ್ನು ತಂದವರು ಪೋರ್ಚುಗೀಸರು. 1025ರ ಸುಮಾರಿನ ಚಾವುಂಡರಾಯನ 'ಲೋಕೋಪಕಾರ'ದಲ್ಲಿ ಪಾಕಶಾಸ್ತ್ರವಿದ್ದರೂ ಈ ಕಾಯಿ ಇರಲು ಸಾಧ್ಯವಿಲ್ಲ. ಆದರೆ ನಮ್ಮ ಹಿರಿಯರು ಮಾಡಿದ್ದೇನು? ಪರದೇಶದ ಕಾಯಿಗೆ 'ಮೆಣಸು' ಎಂಬ ಮನೆಯ ಹೆಸರನ್ನೇ ಕೊಟ್ಟು, ಒರಳಿಗೆ ಹಾಕಿ, ತಮ್ಮದಾಗಿಸಿಕೊಂಡರು. ನಾವು ಮಾಡುತ್ತಿರುವುದು ಇದಕ್ಕೆ ತಿರುವುಮುರುವು: ಮನೆಯಲ್ಲೇ ಇದ್ದುದಕ್ಕೆ ಪರದೇಶದ ಹೆಸರಿಟ್ಟು ದುಡ್ಡು ಕೊಟ್ಟು ಕೊಳ್ಳುತ್ತಿದ್ದೇವೆ. ಕೋಸಂಬರಿ, ಪಚಡಿ, ಗೊಜ್ಜು, ಒಗ್ಗರಣೆ ಎಂದು ಇಷ್ಟು ಮಾತುಗಳಿರುವ ಭಾಷೆಯವರು ಸೌತೆಕಾಯಿಗೆ ಉಡುಪು ತೊಡಿಸಲು ಅಂಗಡಿಗೆ ಹೋಗಬೇಕೆ?

ಒಲೆಯಿಲ್ಲದ ಕೋಣೆಯಲ್ಲಿ ಓದುವ ಹುಡುಗನಿಗೆ ಸೀಸೆ ಬೇಕಾದೀತು. ಅವನೊಡನೆ ನನ್ನ ಜಗಳವಿಲ್ಲ. ನನ್ನ ಜಗಳವೆಲ್ಲ ಹಿಂದಕ್ಕೆ ಸರಿದ ಆ ಬಟ್ಟಲಿನದು. ಬಲ್ಲವರು ತಮ್ಮ ಬಲ್ಮೆಗೆ ತಾವೇ ನಾಚುವಂತೆ ಮಾಡಿದ ಮೇಲೆ, ಕನ್ನಡ ಉಳಿಯಲಿ ಎಂದು ವೇದಿಕೆಯ ಮೇಲೆ ಕೂಗಿ ಫಲವೇನು?

ಅಂದು ನಾನು ಬಟ್ಟಲನ್ನು ಮುಂದಕ್ಕೆ ಎಳೆದುಕೊಂಡು ಎರಡು ಬಾರಿ ಬಡಿಸಿಕೊಂಡೆ. ಅತ್ತಿಗೆ ನಕ್ಕರು, ನಂಬಲಿಲ್ಲ. ಮುಂದಿನ ರಜೆಗೆ ಸೀಸೆ ಒಯ್ಯುವುದಿಲ್ಲ. ಅವರ ಬಳಿ ಕುಳಿತು ಗೊಜ್ಜು ಕಲಿಯುತ್ತೇನೆ.